ಗೌಜಲಕ್ಕಿಗೆ ಬಸಂತ್ ಕೇಳಿಸಲಿಲ್ಲ

ಫೆಬ್ರುವರಿ 14, ಬೆಳಗಿನ 6:10. ಯಂಕಂಚಿ ಊರಾಚೆ ಜೋಳದ ಹೊಲದ ಒಡ್ಡಿನ ಮೇಲೆ ಗೋಣಿಚೀಲ ಹಾಸಿಕೊಂಡು ಕೂತಿದ್ದೇನೆ. ಎರಿ ನೆಲ ಬಾಯಿ ಬಿಟ್ಟಿದೆ. ಬಿರುಕಿನೊಳಗೆ ಕೈ ಇಳಿಸಿದರೆ ಮಣಿಕಟ್ಟಿನವರೆಗೂ ಹೋಗುತ್ತದೆ, ಒಳಗೆ ಇನ್ನೂ ತಂಪು. ಮಳೆ ನಿಂತು ತಿಂಗಳುಗಳೇ ಕಳೆದರೂ ಬಿಳಿಜೋಳ ನಿಂತದ್ದು ಆ ತಂಪಿನ ಮೇಲೆ. ತೆನೆ ಬಲಿತಿವೆ. ಪಕ್ಕದ ಹೊಲದಲ್ಲಿ ಜೋಳ ಕೀಳುವುದು ನಿನ್ನೆ ಶುರುವಾಯಿತು. ಇಲ್ಲಿ ಹಿಂಗಾರಿ ಜೋಳವನ್ನು ಕೊಯ್ಯುವುದಲ್ಲ, ಬೇರುಸಹಿತ ಕೀಳುವುದು. ಕಿತ್ತು ಮಲಗಿಸಿದ ಸಾಲುಗಳ ನಡುವೆ ನೆಲ ಒಮ್ಮೆಲೇ ಬೆತ್ತಲಾಗುತ್ತದೆ.

ನಾನು ಬಂದದ್ದು ಒಂದು ಸಣ್ಣ ಪ್ರಶ್ನೆ ಹಿಡಿದುಕೊಂಡು. ಆಳೆತ್ತರದ ಜೋಳ ಒಂದೇ ವಾರದಲ್ಲಿ ಇಲ್ಲವಾದಾಗ ಅದರೊಳಗೆ ಓಡಾಡಿಕೊಂಡಿದ್ದ ಗೌಜಲಕ್ಕಿ ಎಲ್ಲಿಗೆ ಹೋಗುತ್ತದೆ? ಉತ್ತರ ಊಹಿಸಲು ದೊಡ್ಡ ಪಂಡಿತನೇ ಆಗಬೇಕಿಲ್ಲ, ಒಡ್ಡಿನ ಜಾಲಿಕಂಟಿಗೆ ಹೋಗುತ್ತದೆ. ಆದರೆ ಊಹಿಸುವುದು ಬೇರೆ, ಕೂತು ನೋಡಿ ಬರೆದಿಡುವುದು ಬೇರೆ. ಎರಡನೆಯದಕ್ಕೆ ಗೋಣಿಚೀಲ, ಪೆನ್ಸಿಲ್ಲು ಮತ್ತು ಬಹಳಷ್ಟು ಬೆಳಗುಗಳು ಬೇಕು.

ಹಾಲಕ್ಕಿ ಜೋಡಿಯೊಂದು ಬೇವಿನ ಪೊಟರೆಯಲ್ಲಿದೆ. ಕತ್ತಲು ಕರಗುವ ಮುಂಚಿನ ಗದ್ದಲವೆಲ್ಲ ಅವುಗಳದು. ಎರಡೂ ಒಂದರ ಮೇಲೊಂದು ಬಿದ್ದು ಕಿರುಚುತ್ತವೆ, ಯಾವುದು ಯಾವುದರದ್ದೆಂದು ಬಿಡಿಸಲಾಗದು. ಬುಡಬುಡಿಕೆಯವರು ಈ ಗಲಾಟೆಯಲ್ಲಿ ಊರಿನ ಭವಿಷ್ಯವನ್ನೇ ಕೇಳುತ್ತಾರೆ, ನನಗೆ ಮಾತ್ರ ಸಂಸಾರದ ಜಗಳದ ಹಾಗೆ ಕೇಳುತ್ತದೆ. 6:29ಕ್ಕೆ ಜಾಲಿಕಂಟಿಯಿಂದ ಮೊದಲ ಗೌಜಲಕ್ಕಿ ಕೂಗಿತು.

ಇದರ ಕೂಗು ಹಾಲಕ್ಕಿಯ ಹಾಗಲ್ಲ, ಬಿಡಿಸಿ ಬರೆಯಬಹುದು. ‘ಕ-ಟೀ-ತರ್, ಕ-ಟೀ-ತರ್’ ಎಂದು ಮೂರು ಪೆಟ್ಟಿನ ಗಡುಸು ದನಿ. ಅದರ ಸಂದಿಗೆ ಸರಿಯಾಗಿ ‘ಟೀ… ಟೀ…’ ಎಂದು ಒಂದೇ ಸ್ವರದ ಚೂಪು ದನಿ ಬಂದು ಕೂರುತ್ತದೆ. ದೂರದಿಂದ ಕೇಳಿದವರು ಒಂದೇ ಹಕ್ಕಿ ಎನ್ನುತ್ತಾರೆ. ನಾನೂ ವರ್ಷಗಟ್ಟಲೆ ಹಾಗೇ ಅಂದುಕೊಂಡಿದ್ದೆ. ಎರಡು ಹಕ್ಕಿಗಳ ಮಧ್ಯೆ ಅಡ್ಡಲಾಗಿ ಕೂತು, ಎಡಗಿವಿಗೆ ಗಂಡು, ಬಲಗಿವಿಗೆ ಹೆಣ್ಣು ಕೇಳಿಸಿದ ದಿನ ಅದು ಜೋಡಿಹಾಡೆಂದು ಗೊತ್ತಾದದ್ದು. ಸಂಸ್ಕೃತದಲ್ಲಿ ಈ ಜಾತಿಯ ಹಕ್ಕಿಗೆ ತಿತ್ತಿರಿ, ಹಿಂದಿಯಲ್ಲಿ ತೀತರ್. ಎರಡೂ ಹೆಸರಲ್ಲಿ ಕೂಗೇ ಕೂತಿದೆ. ಯಾಜ್ಞವಲ್ಕ್ಯ ಕಾರಿದ ವೇದವನ್ನು ಶಿಷ್ಯರು ತಿತ್ತಿರಿ ಹಕ್ಕಿಗಳಾಗಿ ಹೆಕ್ಕಿದರಂತೆ, ತೈತ್ತಿರೀಯ ಎಂಬ ಹೆಸರು ಹಾಗೆ ಬಂತಂತೆ. ಇಲ್ಲಿ ಅದು ಉದುರಿದ ಜೋಳವನ್ನು ಹೆಕ್ಕುತ್ತದೆ.

ಫೆಬ್ರುವರಿ 17. ತಪ್ಪು ನನ್ನದೇ. ಗಂಟೆ ನೋಡಲು ಫೋನು ತೆಗೆದಾಗ ಬೆರಳು ಎಲ್ಲೋ ತಾಗಿ, ರಾತ್ರಿ ಅರ್ಧಕ್ಕೆ ನಿಲ್ಲಿಸಿದ್ದ ಹಾಡು ಅಲ್ಲಿಂದಲೇ ಎದ್ದಿತು. 1956ರ ‘ಬಸಂತ್ ಬಹಾರ್’ ಚಿತ್ರದ ‘ಕೇತಕೀ ಗುಲಾಬ್ ಜೂಹಿ’. ಭೀಮಸೇನ ಜೋಶಿ ಮತ್ತು ಮನ್ನಾಡೇ. ಹೊಲದಲ್ಲಿ ಹಾಡು ಹಾಕುವವರನ್ನು ನಾನೇ ಬಯ್ಯುವವನು. ಗಾಬರಿಯಿಂದ ನಿಲ್ಲಿಸಬೇಕೆನ್ನುವಷ್ಟರಲ್ಲಿ ಒಂದು ತಾನು ಗಿರಗಿರನೆ ಸುತ್ತಿ ಬಂದು ಮೇಲಿನ ಷಡ್ಜಕ್ಕೆ ಮುಟ್ಟಿ ನಿಂತಿತು. ನಿಂತ ಮರುಕ್ಷಣವೇ ಜಾಲಿಯೊಳಗಿಂದ ‘ಕ-ಟೀ-ತರ್!’ 6:28.

ಮೈ ಜುಮ್ಮೆಂದದ್ದು ಸುಳ್ಳಲ್ಲ. ಇಂಥ ಹೊತ್ತಿನಲ್ಲಿ ಕವಿಯಾದವನು ಎದ್ದು ಮನೆಗೆ ಹೋಗಿ ಕವನ ಬರೆಯುತ್ತಾನೆ. ನನಗೆ ಅನುಮಾನ ಬಂತು. ಹಕ್ಕಿ ಉತ್ತರ ಕೊಟ್ಟಿತೋ, ಅಥವಾ ಅದು ಕೂಗುವ ಹೊತ್ತಿಗೆ ನಾವು ಅಡ್ಡ ಬಂದೆವೋ?

ಮರುದಿನದಿಂದ 14 ಬೆಳಗು ಪರೀಕ್ಷೆ. ಒಂದು ದಿನ ಮೌನ, ಒಂದು ದಿನ ಹಾಡು. ಹಾಡಿನ ದಿನ 6:22ಕ್ಕೆ ಸರಿಯಾಗಿ, ಜಾಲಿಯಿಂದ 60 ಹೆಜ್ಜೆ ದೂರದಲ್ಲಿ, ಮೊದಲ ದಿನದಷ್ಟೇ ದನಿಯಲ್ಲಿ ಹಾಕುವುದು. ಗೌಜಲಕ್ಕಿಯ ಕೂಗನ್ನೇ ಮುದ್ರಿಸಿಕೊಂಡು ಅದಕ್ಕೆ ಕೇಳಿಸಿದರೆ ಅದು ಅನ್ಯಾಯ. ಎದುರಾಳಿ ಬಂದನೆಂದು ಗಂಡು ಕಾಳು ಬಿಟ್ಟು ಕಾದಾಟಕ್ಕೆ ನಿಲ್ಲುತ್ತದೆ. ಸಾಕಿದ ಗೌಜಲಕ್ಕಿಯನ್ನು ಪಂಜರದಲ್ಲಿಟ್ಟು ಕೂಗಿಸಿ, ಜಗಳಕ್ಕೆ ಬಂದ ಕಾಡುಹಕ್ಕಿಯನ್ನು ಹಿಡಿಯುವ ಹಳೆಯ ಬೇಟೆ ನಡೆಯುತ್ತಿದ್ದದ್ದು ಇದರ ಮೇಲೆಯೇ. ಭೀಮಸೇನ ಜೋಶಿ ಅದರ ಹೊಲಕ್ಕೆ ಹಕ್ಕು ಹೂಡಲು ಬಂದವರಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹೊಲದ ಯಜಮಾನ ನಾಲ್ಕು ದಿನ ಸುಮ್ಮನಿದ್ದು ಐದನೆಯ ದಿನ ಕೇಳಿದ: “ಏನ್ರೀ ಸರ, ಒಂದ ಹಾಡ ಹಚ್ಚತೀರಿ. ಬ್ಯಾರೆ ಇಲ್ಲೇನ್ರಿ ನಿಮ್ಮ ಫೋನಿನ್ಯಾಗ?”

ಬೇರೆ ಹಾಡು ಇದ್ದವು. ಆದರೆ ಪರೀಕ್ಷೆಯಲ್ಲಿ ಹಾಡು ಬದಲಿಸುವಂತಿಲ್ಲ. ಹೀಗಾಗಿ ಆಗಿದ್ದೇನೆಂದರೆ, ಹಕ್ಕಿಗಾಗಿ ಕಾಯುತ್ತ ನಾನು ಅದೇ ಹಾಡನ್ನು, ಅದೇ ತಣ್ಣನೆ ಗಾಳಿಯಲ್ಲಿ, ಅದೇ ಕಿವಿಯಿಂದ ಮತ್ತೆ ಮತ್ತೆ ಕೇಳಿದೆ. ಐವತ್ತು ವರ್ಷದಿಂದ ಗೊತ್ತಿದ್ದ ಹಾಡು. ಸಣ್ಣವನಿದ್ದಾಗ ವಿವಿಧಭಾರತಿಯಲ್ಲಿ ಬಂದರೆ ಅಪ್ಪ ರೇಡಿಯೋದ ಕಿವಿ ಹಿಂಡಿ ದನಿ ಏರಿಸುತ್ತಿದ್ದರು. “ನಮ್ಮ ಗದಗಿನಾಂವ” ಎನ್ನುತ್ತಿದ್ದರು. ಅಷ್ಟಕ್ಕೇ ಕೇಳಿದ್ದಾಯಿತು ಎಂದುಕೊಂಡಿದ್ದೆ. ಗೊತ್ತಿರುವ ಹಾಡನ್ನು ನಾವು ಕೇಳುವುದಿಲ್ಲ, ಗುರುತು ಹಿಡಿದು ಬಿಟ್ಟುಬಿಡುತ್ತೇವೆ. ಗುಬ್ಬಿಯನ್ನು ನೋಡುವ ಹಾಗೆ.

ಹಕ್ಕಿಗೆ ಮಾಡುವುದನ್ನೇ ಹಾಡಿಗೂ ಮಾಡಿದೆ. ಪುಸ್ತಕದಲ್ಲಿ ‘ಭೀ’ ಮತ್ತು ‘ಮ’ ಎಂದು ಎರಡು ಕಂಬ ಎಳೆದು ಯಾರು ಎಲ್ಲಿ ಬಂದರು, ಎಲ್ಲಿ ಬಿಟ್ಟರು ಎಂದು ಗುರುತು ಹಾಕುತ್ತ ಹೋದೆ. ಮೊದಲ ಎರಡು ದಿನದ ಪುಟ ನೋಡಿದರೆ ನಗು ಬರುತ್ತದೆ. ನಾಲ್ಕು ಕಡೆ ಇಬ್ಬರನ್ನೂ ಅದಲುಬದಲು ಮಾಡಿದ್ದೇನೆ. ಅದಕ್ಕೆ ಅರ್ಧ ಕಾರಣ ಫೋನು. ಬೆಂಕಿಪೊಟ್ಟಣದಷ್ಟು ಸ್ಪೀಕರಿಗೆ ತಗ್ಗಿನ ದನಿ ಬರುವುದಿಲ್ಲ. ಜೋಶಿಯವರ ಎದೆಯ ಭಾರವೆಲ್ಲ ಸೋಸಿಹೋಗಿ ಬರೀ ಮೇಲಿನ ಹೊಳಪು ಉಳಿಯುತ್ತದೆ. ಸಂಜೆ ಮನೆಯಲ್ಲಿ ದೊಡ್ಡ ಪೆಟ್ಟಿಗೆಯಲ್ಲಿ ಕೇಳಿದಾಗ ಗೊಂದಲ ಇಲ್ಲ. ಜೋಶಿಯವರ ತಾನು ಗುಂಡುಕಲ್ಲು ಉರುಳಿದ ಹಾಗೆ, ಪ್ರತಿ ಸ್ವರಕ್ಕೂ ಒಳಗಿನಿಂದ ಒಂದು ನೂಕು ಇರುತ್ತದೆ. ಮನ್ನಾಡೇ ಅದೇ ದಾರಿಯಲ್ಲಿ ಹಗುರಾಗಿ ಓಡುತ್ತಾರೆ, ಸ್ವರದ ಅಂಚು ನುಣುಪು, ಮಾತು ಸ್ವಚ್ಛ. ಒಬ್ಬರು ಕಛೇರಿಯಲ್ಲಿ ಬೆಳೆದ ದನಿ, ಇನ್ನೊಬ್ಬರು ಮೈಕಿನ ಮುಂದೆ ಪಳಗಿದ ದನಿ. ಉಳಿದರ್ಧ ತಪ್ಪು ನನ್ನ ಕಿವಿಯದು. ಒಬ್ಬರು ಬಿಟ್ಟ ಕಡೆಯೇ ಇನ್ನೊಬ್ಬರು ಹಿಡಿಯುವುದರಿಂದ ಹೊಲಿಗೆ ಕಾಣುವುದಿಲ್ಲ. ದೂರದ ಗೌಜಲಕ್ಕಿ ಒಂದೇ ಎನಿಸಿದ ಹಾಗೆಯೇ.

ಈ ಹಾಡಿನ ಹಿಂದಿರುವ ಕಥೆ ಗೊತ್ತಿರುವವರಿಗೂ ಒಮ್ಮೆ ಹೇಳಬೇಕು, ಯಾಕೆಂದರೆ ಅದರ ಬೇರು ನಮ್ಮ ಕಡೆಯದು. ‘ಬಸಂತ್ ಬಹಾರ್’ ಚಿತ್ರಕ್ಕೆ ಆಧಾರ ತ.ರಾ.ಸು. ಅವರ ‘ಹಂಸಗೀತೆ’. ಚಿತ್ರದುರ್ಗದ ಸಂಗೀತಗಾರನೊಬ್ಬನ ಕಥೆ ಬೊಂಬಾಯಿಗೆ ಹೋಗಿ, ರಾಜಾ ನವಾಥೆ ನಿರ್ದೇಶನದಲ್ಲಿ, ಶಂಕರ್-ಜೈಕಿಶನ್ ಸಂಗೀತದಲ್ಲಿ ಬೇರೆಯೇ ವೇಷ ಹಾಕಿತು. ಅದೇ ಕಾದಂಬರಿ ಕನ್ನಡದಲ್ಲಿ ಜಿ.ವಿ. ಅಯ್ಯರ್ ಕೈಯಲ್ಲಿ ಸಿನಿಮಾ ಆದದ್ದು 1975ರಲ್ಲಿ. ಹಿಂದಿ ಚಿತ್ರದಲ್ಲಿ ರಾಜಸಭೆಯ ಸ್ಪರ್ಧೆಯೊಂದಿದೆ. ನಾಯಕ ಭರತ್ ಭೂಷಣ್, ಅವನ ಬಾಯಿಗೆ ಮನ್ನಾಡೇ. ಎದುರಿಗಿರುವ ಗಾಯಕನಿಗೆ ಭೀಮಸೇನ ಜೋಶಿ. ಕಥೆಯ ಪ್ರಕಾರ ನಾಯಕ ಗೆಲ್ಲಬೇಕು. ಎಂದರೆ ಮನ್ನಾಡೇ ಭೀಮಸೇನರನ್ನು ಸೋಲಿಸಬೇಕು! ಇದನ್ನು ಕೇಳಿ ತಾವು ಹೆದರಿ, ಕೆಲವು ದಿನ ಊರು ಬಿಟ್ಟು ಎಲ್ಲಿಗಾದರೂ ಹೋಗಿಬಿಡೋಣ ಎಂದು ಹೆಂಡತಿಗೆ ಹೇಳಿದ್ದನ್ನು ಮನ್ನಾಡೇ ಸ್ವತಃ ಹೇಳಿಕೊಂಡಿದ್ದಾರೆ. ಧೈರ್ಯ ತುಂಬಿ ಕಳಿಸಿದ್ದು ಆಕೆಯೇ. ಆಗ ಮನ್ನಾಡೇಗೆ 37, ಜೋಶಿಯವರಿಗೆ 34. ಹೆದರಿದವರೇ ಹಿರಿಯರು.

ಗದಗ ಸೀಮೆಯ ರೋಣದಲ್ಲಿ 1922ರಲ್ಲಿ ಹುಟ್ಟಿದ ಹುಡುಗ ಸಂಗೀತ ಹುಡುಕಿಕೊಂಡು ಮನೆ ಬಿಟ್ಟು ಓಡಿದ್ದು 11ರ ವಯಸ್ಸಿನಲ್ಲಿ. ಅಂಗಡಿಯೊಂದರಲ್ಲಿ ತಿರುಗುತ್ತಿದ್ದ ಅಬ್ದುಲ್ ಕರೀಂ ಖಾನರ ಹಾಡಿನ ತಟ್ಟೆಯೇ ಆ ಹುಚ್ಚು ಹಿಡಿಸಿದ್ದು. ಆಮೇಲೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆಯ ನೀರು ಹೊತ್ತು ಕಲಿತರು. ಇತ್ತ ಕೋಲ್ಕತ್ತೆಯ ಮನ್ನಾಡೇ, ಅಂಧ ಗಾಯಕ ಕೆ.ಸಿ. ಡೇ ಅವರ ಸೋದರನ ಮಗ, ಕೊನೆಗಾಲಕ್ಕೆ ಬೆಂಗಳೂರಿಗೆ ಬಂದು ನೆಲೆಸಿ 2013ರ ಅಕ್ಟೋಬರ್ 24ರಂದು ಅಲ್ಲಿಯೇ ತೀರಿಕೊಂಡರು. ಒಬ್ಬರು ಕನ್ನಡ ನಾಡಿನಿಂದ ಹೊರಟು ಪುಣೆಯಲ್ಲಿ ನಿಂತರು, ಇನ್ನೊಬ್ಬರು ಎಲ್ಲೆಲ್ಲೋ ಹಾಡಿ ಕನ್ನಡ ನಾಡಿನಲ್ಲಿ ಮುಗಿಸಿದರು.

ಫೆಬ್ರುವರಿ 24. ಮೌನದ ದಿನ. ಕುಸುಬಿ ಹೂ ಬಾಡಿ ಮುಳ್ಳಷ್ಟೇ ಉಳಿದಿದೆ. ಹಕ್ಕಿ ಬೇಗ ಸುಮ್ಮನಾಯಿತು, ಬೇರೆ ಕೆಲಸವಿಲ್ಲದೆ ಹಾಡು ಬರೆದ ಶೈಲೇಂದ್ರರ ಹೂಗಳನ್ನು ಲೆಕ್ಕ ಹಾಕಿದೆ. ಹಾಡು ಶುರುವಾಗುವುದೇ ಹೂಗಳ ಹೆಸರಿನಿಂದ: ಕೇದಗೆ, ಗುಲಾಬಿ, ಜೂಹಿ, ಸಂಪಿಗೆ. ನಿಸರ್ಗ ನೋಡುವವನಿಗೆ ಇಲ್ಲಿ ಒಂದು ತಕರಾರು. ವಸಂತದ ಹಾಡಿಗೆ ಮಳೆಗಾಲದ ಕೇದಗೆ ಯಾಕೆ? ನಮ್ಮ ಕಡೆ ಕ್ಯಾದಗಿ ಹೆಣ್ಣುಮಕ್ಕಳ ಹೆರಳಿಗೆ ಬರುವುದು ಶ್ರಾವಣದ ಆಸುಪಾಸು. ಅದೂ ಯಂಕಂಚಿಯಲ್ಲಿ ಬೆಳೆದದ್ದಲ್ಲ, ಸಂತೆಯಿಂದ ಬಂದದ್ದು. ನಾಲ್ಕು ಹೂಗಳಲ್ಲಿ ಈ ಹೊಲದಿಂದ ಕಾಣುವುದು ಒಂದೂ ಇಲ್ಲ. ಇಲ್ಲಿಯ ವಸಂತ ಬೇರೆ. ಬೇವಿನ ಎಲೆ ಉದುರಿ ತಾಮ್ರಬಣ್ಣದ ಚಿಗುರು ಬರುವುದು, ಹುಣಸೆ ಬಲಿಯುವುದು, ಮಧ್ಯಾಹ್ನದ ಗಾಳಿಗೆ ಎರಿಮಣ್ಣಿನ ಧೂಳು ಏಳುವುದು. ಇದನ್ನೆಲ್ಲ ರಾಜಸಭೆಯಲ್ಲಿ ಹಾಡಲು ಬರುತ್ತದೆಯೇ? ಶೈಲೇಂದ್ರರನ್ನು ಬಿಟ್ಟುಬಿಟ್ಟೆ.

ರಾಗದ ವಿಷಯದಲ್ಲೂ ತಕರಾರು ಮಾಡುವವರಿದ್ದಾರೆ. ಬಸಂತ್ ಎನ್ನುವವರು, ಬಸಂತ್ ಬಹಾರ್ ಎನ್ನುವವರು. ಎರಡೂ ಈ ಕಾಲದವೇ ಆದರೂ ಸ್ವಭಾವ ಬೇರೆ. ಬಸಂತ್‌ಗೆ ರಿಷಭ, ಧೈವತ ಕೋಮಲ, ಮಧ್ಯಮ ಎರಡೂ. ಅದು ಮೇಲಿನ ಷಡ್ಜದ ಹತ್ತಿರವೇ ಸುಳಿದಾಡುತ್ತ, ಆಗಾಗ ಕೆಳಗೆ ಇಣುಕಿ ಮತ್ತೆ ಮೇಲೆ ಹೋಗಿಬಿಡುತ್ತದೆ. ಹೊಲದ ಮೇಲೆ ರೆಕ್ಕೆ ಬಡಿಯುತ್ತ ಏರಿ ಅಲ್ಲೇ ನಿಂತು ಹಾಡುವ ನೆಲಗುಬ್ಬಿಯ ಹಾಗೆ. ಬಹಾರ್‌ಗೆ ಗಾಂಧಾರ ಕೋಮಲ, ನಿಷಾದ ಎರಡು, ನಡಿಗೆಯಲ್ಲಿ ಬಳುಕು. ಎರಡನ್ನೂ ಹೆಣೆದರೆ ಬಸಂತ್ ಬಹಾರ್ ಎಂಬ ಜೋಡಿರಾಗ. ವಾದ ಯಾರು ಗೆದ್ದರೂ ನನಗೆ ಚಿಂತೆಯಿಲ್ಲ. ಅಂದಹಾಗೆ ರೋಣದ ಹುಡುಗನನ್ನು ಮನೆ ಬಿಡಿಸಿದ ಅಬ್ದುಲ್ ಕರೀಂ ಖಾನರ ಹಾಡುಗಳಲ್ಲಿ ಝಿಂಝೋಟಿಯ ಠುಮ್ರಿಯ ಜೊತೆಗೆ ಬಸಂತ್ ಕೂಡ ಇತ್ತೆಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ.

ಮಾರ್ಚ್ 3. ಪರೀಕ್ಷೆಯ ಕೊನೆಯ ದಿನ. ಫೋನು ಕೈಗೆತ್ತಿಕೊಂಡು 6:22 ಆಗಲೆಂದು ಕಾಯುತ್ತಿದ್ದೆ. 6:20ಕ್ಕೇ ಹಕ್ಕಿ ಕೂಗಿಬಿಟ್ಟಿತು. ಪುಟ ತಿರುವಿ ನೋಡಿದರೆ ಎಲ್ಲ ಅಲ್ಲೇ ಇತ್ತು, ನಾನೇ ನೋಡಿರಲಿಲ್ಲ. ಹಾಡಿನ ದಿನವೂ ಮೌನದ ದಿನವೂ ಕೂಗು ಒಂದೇ ಸಾಲಿನಲ್ಲಿ, ದಿನಕ್ಕೆ ಅರ್ಧ ನಿಮಿಷದಷ್ಟು ಹಿಂದೆ ಹಿಂದೆ ಸರಿಯುತ್ತ ಬಂದಿದೆ. ಸೂರ್ಯ ಹುಟ್ಟುವ ಹೊತ್ತೂ ಅಷ್ಟೇ ಸರಿದಿದೆ. ಸೂರ್ಯ ಮೂಡುವುದಕ್ಕೆ ಸುಮಾರು 20 ನಿಮಿಷ ಮೊದಲು, ಜಾಲಿಯ ಮುಳ್ಳು ಬಿಡಿಬಿಡಿಯಾಗಿ ಕಾಣುವಷ್ಟು ಬೆಳಕು ಬಂದರೆ ಅದು ಕೂಗುತ್ತದೆ. ಭೀಮಸೇನರೂ ಅದಕ್ಕೆ ಕೇಳಿಸಿಲ್ಲ, ಮನ್ನಾಡೇಯೂ ಕೇಳಿಸಿಲ್ಲ. 17ರಂದು ನನಗಾದ ರೋಮಾಂಚನ ಬರೀ ಕಾಕತಾಳೀಯ.

ಬೇಜಾರಾಗಬೇಕಿತ್ತು, ಆಗಲಿಲ್ಲ. ಆ ದಿನ ಫೋನು ಹಾಕದೆ ಹಕ್ಕಿಗಳನ್ನಷ್ಟೇ ಕೇಳಿದೆ. ಗಂಡಿನ ‘ತರ್’ ಮುಗಿಯುವುದಕ್ಕೂ ಹೆಣ್ಣಿನ ‘ಟೀ’ಗೂ ನಡುವೆ ರೆಪ್ಪೆ ಬಡಿಯುವಷ್ಟು ಹೊತ್ತು. ಅಷ್ಟರಲ್ಲಿ ಕೇಳಿ, ತಿಳಿದು, ಬಾಯಿ ತೆಗೆಯಲು ಆಗುತ್ತದೆಯೇ? ಹಕ್ಕಿಗಳ ಜೋಡಿಹಾಡಿನ ಈ ಚುರುಕನ್ನು ಅಳೆದು ಡಬ್ಲ್ಯೂ. ಎಚ್. ಥಾರ್ಪ್ 1963ರಲ್ಲೇ ಬರೆದಿದ್ದರು. ಅದಕ್ಕಿಂತ ಸೋಜಿಗದ್ದು 2011ರಲ್ಲಿ ಎಕ್ವಡಾರ್‌ನ ಬಿದಿರುಮೆಳೆಗಳಿಂದ ಬಂದ ಸುದ್ದಿ. ಅಲ್ಲಿ ರೆನ್ ಎಂಬ ಪುಟಾಣಿ ಹಕ್ಕಿಗಳ ಗಂಡು ಹೆಣ್ಣು ಸ್ವರ ಬಿಟ್ಟು ಸ್ವರ ಹಂಚಿಕೊಂಡು ಹಾಡುತ್ತವೆ. ಅವುಗಳ ಮಿದುಳಿನ ನರಕೋಶಗಳನ್ನು ಪರೀಕ್ಷಿಸಿದಾಗ, ಹಕ್ಕಿ ತಾನು ಹಾಡುವ ಪಾಲಿಗಿಂತ ಇಬ್ಬರದೂ ಕೂಡಿದ ಇಡೀ ಹಾಡಿಗೆ ಅವು ಹೆಚ್ಚು ಮಿಡಿದವು. ಎಂದರೆ ಹೆಣ್ಣಿನ ತಲೆಯೊಳಗೆ ಗಂಡಿನ ಪಾಲೂ ಇದೆ. ಕಾದು, ಕೇಳಿ, ಆಮೇಲೆ ಉತ್ತರಿಸುವುದಲ್ಲ. ಎದುರಿನದು ಇನ್ನೂ ಹಾಡುತ್ತಿರುವಾಗಲೇ ಇದರೊಳಗೂ ಆ ಹಾಡು ನಡೆದಿರುತ್ತದೆ.

ಇದನ್ನು ಓದಿ ನೆನಪಿಟ್ಟುಕೊಂಡಿದ್ದೆ. ಅರ್ಥ ಮಾಡಿಸಿದ್ದು ಹೊಲದ ಯಜಮಾನ.

ಮಾರ್ಚ್ 6. ಜೋಳದ ರಾಶಿ ಮುಗಿದಿದೆ, ಆತನಿಗೆ ಬಿಡುವು. ಚಹಾ ತಂದವನು ಪಕ್ಕದಲ್ಲಿ ಕೂತ. ಪರೀಕ್ಷೆ ಮುಗಿದದ್ದರಿಂದ ಹಾಡನ್ನು ಸುಮ್ಮನೆ, ಕೇಳಲಿಕ್ಕೆಂದೇ ಹಾಕಿದೆ. ಆತ ವಯಸ್ಸಿನಲ್ಲಿ ದಪ್ಪಿನ ಮೇಳದಲ್ಲಿ ಹಾಡಿದವನೆಂದು ಆವತ್ತೇ ಗೊತ್ತಾದದ್ದು. ಈ ಸೀಮೆಯಲ್ಲಿ ಹರದೇಶಿ-ನಾಗೇಶಿ ಎಂದರೆ ಈಗಲೂ ಜಾತ್ರೆಯಲ್ಲಿ ಜನ ಬೆಳಗಾಗುವವರೆಗೆ ಕೂರುತ್ತಾರೆ. ಒಂದು ಮೇಳ ಗಂಡು ಹೆಚ್ಚು ಎಂದು ಹಾಡಿದರೆ ಇನ್ನೊಂದು ಹೆಣ್ಣು ಹೆಚ್ಚು ಎನ್ನುತ್ತದೆ. ಸವಾಲು, ಜವಾಬು, ಮತ್ತೆ ಸವಾಲು. ದಪ್ಪು, ತುಂತುಣಿ, ತಾಳ, ಹಿಂದೆ ಗೀಯ ಗೀಯ ಎಂದು ಎತ್ತಿಕೊಡುವವರು. ಹಲಸಂಗಿ ಖಾಜಾಭಾಯಿಯ ಲಾವಣಿಗಳ ನಾಡಿದು. ಮಧುರಚೆನ್ನ, ಸಿಂಪಿ ಲಿಂಗಣ್ಣನವರಂಥ ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಆರಿಸಿ ‘ಗರತಿಯ ಹಾಡು’ ಮಾಡಿದ್ದೂ ಇಲ್ಲಿಯೇ.

ಆತ ಕಣ್ಣು ಮುಚ್ಚಿ ಪೂರಾ ಕೇಳಿದ. ಹಿಂದಿ ಆತನಿಗೆ ಅಷ್ಟಕ್ಕಷ್ಟೇ, ಶಾಸ್ತ್ರೀಯ ಸಂಗೀತ ಅದಕ್ಕೂ ಕಡಿಮೆ. ಸಿನಿಮಾದಲ್ಲಿ ಇದು ಸ್ಪರ್ಧೆ, ಕೊನೆಗೆ ಒಬ್ಬ ಗೆಲ್ಲುತ್ತಾನೆ, ಯಾರು ಹೇಳು ಎಂದೆ. ಇನ್ನೊಮ್ಮೆ ಹಾಕಿಸಿಕೊಂಡ.

“ಯಾರೂ ಸೋತಂಗ ಕಾಣವಲ್ದಲ್ರೀ. ಇಬ್ರೂ ಎಚ್ಚರ ಅದಾರ.”

ಎಚ್ಚರ ಎಂದರೆ?

“ನಾವು ರಾತ್ರಿ ಪೂರಾ ಹಾಡಾವ್ರು. ನಮ್ಮ ಪದಾ ಮುಗೀತಂದ್ರ ಎದುರಿನಾವ್ರದು ಒಂದ ತಾಸು ನಡೀತದ. ಹೊಸಾ ಹುಡುಗ್ರು ಏನ್ ಮಾಡತಾವ, ತಮ್ಮ ಪಾಳಿ ಮುಗದಕೂಡ್ಲೆ ಚಹಾ ಕುಡ್ಯಾಕ ಹೋಗತಾವ, ಇಲ್ಲಾ ಅಲ್ಲೇ ಒರಗತಾವ. ಎದುರಿನಾಂವ ಹಾಡೂ ಮುಂದ ಮಲಗಿದಾಂವ ಬೆಳಿಗ್ಗಿ ಸೋತಂಗ ನೋಡ್ರಿ. ದನಿ ಎಷ್ಟ್ ಚಂದಿದ್ರೇನು?”

ಆಮೇಲೆ ಹಾಡನ್ನು ಮೂರನೆಯ ಕಂಬ ಎಳೆದು ಕೇಳಿದೆ. ಹಾಡುವವರಲ್ಲ, ಸುಮ್ಮನಿರುವವರ ಕಂಬ. ಆಗ ಒಂದಿಷ್ಟು ಕಂಡವು. ಒಂದು ದನಿ ಎತ್ತಿದ ತಿರುವನ್ನು ಇನ್ನೊಂದು ಹಾಗೇ ಮರಳಿಸುವುದಿಲ್ಲ, ಬಾಲ ಹಿಡಿದುಕೊಂಡು ತಲೆ ಬದಲಿಸುತ್ತದೆ. ಲಯ ಏರಿದಂತೆ ಪಾಳಿ ಗಿಡ್ಡವಾಗುತ್ತ ಹೋಗುತ್ತದೆ, ಉಸಿರಿಗೆ ಜಾಗ ಕಡಿಮೆ. ಆದರೂ ಎಲ್ಲೂ ಒಬ್ಬರ ಕಾಲಿನ ಮೇಲೆ ಇನ್ನೊಬ್ಬರ ಕಾಲು ಬೀಳುವುದಿಲ್ಲ. ಆಗಿನದು ಇಬ್ಬರೂ ಒಂದೇ ಕೋಣೆಯಲ್ಲಿ ನಿಂತು ಹಾಡಿ ಮುಗಿಸುತ್ತಿದ್ದ ಕಾಲ. ಆಮೇಲೆ ಈಗಿನಷ್ಟು ಸಲೀಸಾಗಿ ಕತ್ತರಿಸಿ ಅಂಟಿಸುವ ಸೌಕರ್ಯವಿರಲಿಲ್ಲ. ಹೆದರಿ ಊರು ಬಿಡಲು ಹೊರಟಿದ್ದ ಮನುಷ್ಯ ತನ್ನ ಪಾಳಿ ಬರುವ ತನಕ ಆ ಕೋಣೆಯಲ್ಲಿ ಹೇಗೆ ನಿಂತಿದ್ದಿರಬೇಕು ಎಂದು ಯೋಚಿಸುತ್ತೇನೆ. ಎದುರಿಗೆ ಆ ತಾನು ಉರುಳಿ ಬರುತ್ತಿದೆ. ಕೇಳಿಸಿಕೊಳ್ಳದೆ ಗತ್ಯಂತರವಿಲ್ಲ, ಕೇಳಿಸಿಕೊಂಡರೆ ಭಯ. ಮನ್ನಾಡೇ ಆ ಭಯದಲ್ಲೂ ಕೇಳಿಸಿಕೊಂಡಿದ್ದಾರೆ, ಅದು ಅವರ ಪ್ರತಿ ಪ್ರವೇಶದಲ್ಲೂ ಗೊತ್ತಾಗುತ್ತದೆ. ಜೋಶಿಯವರದು ಇನ್ನೊಂದು ಬಗೆಯ ಕಷ್ಟ. ಗುಡ್ಡ ಕದಲಿಸಬಲ್ಲ ದನಿಯನ್ನು, ಎದುರಿನವರು ಹಿಡಿಯುವಂಥ ಜಾಗಕ್ಕೆ ತಂದು ಬಿಡಬೇಕು. ಬಿಟ್ಟಿದ್ದಾರೆ. ಸಿನಿಮಾ ಒಬ್ಬನಿಗೆ ಹಾರ ಹಾಕುತ್ತದೆ, ಹಾಕಲಿ. ಹಾಡಿನೊಳಗೆ ಸೋಲು ಎಲ್ಲಿದೆ ಎಂದು ನಾನಿನ್ನೂ ಹುಡುಕುತ್ತಿದ್ದೇನೆ.

ಮಾರ್ಚ್ 15. ಹೊಲ ಬಯಲು. ಕೊನೆಗೂ ಮೂಲ ಪ್ರಶ್ನೆಗೆ ಉತ್ತರ: ಗೌಜಲಕ್ಕಿ ಜೋಡಿ ಒಡ್ಡು ಬಿಟ್ಟು ಹೋಗಿಲ್ಲ. ಹಗಲು ಹೊತ್ತು ಹೆಂಟೆಗಳ ನಡುವೆ ಗುಡುಗುಡು ಓಡಿ ಕಾಳು, ಗೆದ್ದಲು ಹೆಕ್ಕುತ್ತವೆ. ಗಿಡುಗದ ನೆರಳು ಹಾದರೆ ಹಾರುವುದಿಲ್ಲ, ಹೆಂಟೆಯ ಪಕ್ಕ ಹೆಂಟೆಯಾಗಿ ಕೂರುತ್ತವೆ. ರಾತ್ರಿ ಜಾಲಿಯ ಕೆಳಗಿನ ಕೊಂಬೆ. ಕೋಗಿಲೆ ಶುರುವಾಗಿದೆ. ‘ಕುಹೂ’ ಗಂಡಿನದು, ಕವಿಗಳು ಹೆಣ್ಣಿನ ಹೆಸರಿಗೆ ಬರೆದದ್ದು. ಹೆಣ್ಣಿನದು ಬರೀ ಕಿಕ್ ಕಿಕ್.

ಮಾರ್ಚ್ 28. ಕತ್ತಲಲ್ಲಿ ಬಂದು ಕೂತೆ. ಫೋನು ಮನೆಯಲ್ಲೇ ಬಿಟ್ಟು, ಹಳೆಯ ಕೈಗಡಿಯಾರ ಕಟ್ಟಿಕೊಂಡು ಬಂದಿದ್ದೆ. ಹಾಲಕ್ಕಿಗಳ ಗಲಾಟೆ ಮುಗಿಯಿತು. ಮುಳ್ಳು ಬಿಡಿಬಿಡಿಯಾಗಿ ಕಾಣತೊಡಗಿತು. ಗಂಡು ಕೂಗಿತು. ಹೆಣ್ಣಿನ ದನಿ ಬರಲಿಲ್ಲ. ಮೂರು ದಿನದಿಂದ ಬಂದಿಲ್ಲ. ಒಡ್ಡಿನ ಬುಡದಲ್ಲಿ, ಮುಳ್ಳಿನ ಮರೆಯಲ್ಲಿ ಎಲ್ಲೋ ನೆಲ ಕೆದರಿ ಕಾವಿಗೆ ಕೂತಿರಬಹುದು. ಕಾಲ ಸ್ವಲ್ಪ ಮುಂಚೆಯೇ ಆಯಿತು, ಆದರೂ ಇರಬಹುದು. ಹುಡುಕಲು ಹೋಗುವಂತಿಲ್ಲ. ಹೋದರೆ ನನ್ನ ಹೆಜ್ಜೆಯ ಹಿಂದೆ ಮುಂಗುಸಿ ಬರುತ್ತದೆ. ಯಜಮಾನನಿಗೆ ಹೇಳಿದೆ. “ಆ ಮೂಲಿಗೆ ಸದ್ಯ ರಂಟಿ ಹೊಡ್ಯಾಂಗಿಲ್ಲ ಬಿಡ್ರಿ” ಎಂದ.

ಗಂಡು ಮತ್ತೆ ಕೂಗಿತು. ಕ-ಟೀ-ತರ್. ತಡೆಯಿತು. ಕ-ಟೀ-ತರ್. ನಡುವೆ ಹೆಣ್ಣಿನ ‘ಟೀ’ ಕೂರುವಷ್ಟು ಜಾಗ ಹಾಗೇ ಇತ್ತು. ಪುಸ್ತಕದಲ್ಲಿ ಗಂಡಿನ ಕಂಬಕ್ಕೆ ಗುರುತು ಹಾಕಿ, ಪಕ್ಕದ ಕಂಬದಲ್ಲಿ ಒಂದು ಗೆರೆ ಎಳೆದೆ. 6:03.